ಫೋನ್ ಒಳಗಿನಿಂದ ಹೊರಗೆ ಮಾತ್ರ: ಕ್ಯಾಲಿಫೋರ್ನಿಯಾದ ಕೌಂಟಿ ಜೈಲಿನಲ್ಲಿ ನಾಲ್ಕು ರಾತ್ರಿ

ಬೆಳಗಿನ ಜಾವ 3:40ಕ್ಕೆ ಫೋನ್ ಬಂತು. ಗೊತ್ತಿಲ್ಲದ ನಂಬರ್. ಕಟ್ ಮಾಡಿ ಮಲಗಿದೆ. ಐದು ನಿಮಿಷ ಬಿಟ್ಟು ಮತ್ತೆ ಬಂತು. ಎತ್ತಿದರೆ ರೆಕಾರ್ಡ್ ಮಾಡಿದ ದನಿ. ಕೌಂಟಿ ಜೈಲಿನಲ್ಲಿರುವ ಒಬ್ಬರು ನಿಮಗೆ ಕರೆ ಮಾಡುತ್ತಿದ್ದಾರೆ ಅನ್ನುತ್ತಿತ್ತು. ಇದ್ಯಾವುದೋ ಹೊಸ ಮೋಸ ಅಂದುಕೊಂಡು ಅದನ್ನೂ ಕಟ್ ಮಾಡಿದೆ. ಮೂರನೇ ಸಲ ಪೂರ್ತಿ ಕೇಳಿಸಿಕೊಂಡೆ. ಕರೆ ಮಾಡುವವರು ತಮ್ಮ ಹೆಸರು ಹೇಳಲಿ ಅಂತ ಆ ದನಿಯ ಮಧ್ಯೆ ಒಂದೆರಡು ಸೆಕೆಂಡು ಜಾಗ ಬಿಟ್ಟಿರುತ್ತಾರೆ. ಅಲ್ಲಿ ಹೆಸರಿರಲಿಲ್ಲ. "ಅಕ್ಕಾ, ನಾನು" ಅಂತಿತ್ತು.

ಹಾಸನದ ಕಡೆಯ ಹುಡುಗ, ನಮಗೆ ದೂರದ ಸಂಬಂಧ. 29 ವರ್ಷ, ಎಚ್-1ಬಿ ವೀಸಾ, ಸಾಫ್ಟ್‌ವೇರ್ ಕೆಲಸ. ನಾನು ಈ ದೇಶಕ್ಕೆ ಬಂದು 16 ವರ್ಷ ಆಯಿತು. ಆ ಒಂದೇ ಕಾರಣಕ್ಕೆ ಅವನ ಮನೆಯವರ ಪಾಲಿಗೆ ಇಲ್ಲಿನ ಹಿರಿಯಳು ನಾನೇ. ಜೈಲಿನ ವಿಷಯದಲ್ಲಿ ನನಗೂ ಅವನಷ್ಟೇ ಗೊತ್ತಿತ್ತು ಅನ್ನುವುದು ಬೇರೆ ಮಾತು.

ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವನ ಹೆಸರು, ಕೌಂಟಿಯ ಹೆಸರು ಹೇಳುವುದಿಲ್ಲ. ನಡೆದದ್ದು ಇಷ್ಟು: ಶುಕ್ರವಾರ ರಾತ್ರಿ ಪಾರ್ಟಿಯಿಂದ ಕಾರು ಓಡಿಸಿಕೊಂಡು ಬರುವಾಗ ಮುಂದಿನ ಕಾರಿಗೆ ಗುದ್ದಿದ. ಆ ಕಾರಿನಲ್ಲಿದ್ದವರ ಕುತ್ತಿಗೆಗೆ ಪೆಟ್ಟಾಯಿತು. ಕುಡಿದು ಗಾಡಿ ಓಡಿಸಿ ಇನ್ನೊಬ್ಬರಿಗೆ ಗಾಯ ಮಾಡಿದ ಆರೋಪದ ಮೇಲೆ ಪೊಲೀಸರು ಹಿಡಿದರು. ತಪ್ಪು ಅವನದೇ. ಅದರಲ್ಲಿ ಎರಡು ಮಾತಿಲ್ಲ. ಆ ತಪ್ಪಿನ ಬಗ್ಗೆ ಬರೆಯಲು ಕೂತಿಲ್ಲ. ಒಳಗೆ ಹೋದವನನ್ನು ಹೊರಗಿನವರು ಮುಟ್ಟುವುದು ಹೇಗೆ ಅನ್ನುವುದು ನಮಗೆ ನಾಲ್ಕು ದಿನದಲ್ಲಿ ಒಂದೊಂದೇ ತಪ್ಪು ಮಾಡಿ ಗೊತ್ತಾಯಿತು. ಅದನ್ನು ಬರೆದಿಡುತ್ತಿದ್ದೇನೆ.

ಸಾಲದ್ದಕ್ಕೆ ಅದು ಲೇಬರ್ ಡೇ ವಾರಾಂತ್ಯ. ಸೆಪ್ಟೆಂಬರ್‌ನ ಮೊದಲ ಸೋಮವಾರ ಇಲ್ಲಿ ಸರ್ಕಾರಿ ರಜೆ. ಕೋರ್ಟು ತೆರೆಯುವುದು ಮಂಗಳವಾರ.

ಜೈಲು ಯಾರದ್ದು

ಕನ್ನಡದಲ್ಲಿ ನಮಗೆ ಇರುವುದು ಒಂದೇ ಪದ, ಜೈಲು. ಇಲ್ಲಿ ಜೈಲ್ ಬೇರೆ, ಪ್ರಿಸನ್ ಬೇರೆ. ಶಿಕ್ಷೆಯಾಗಿ ವರ್ಷಗಟ್ಟಲೆ ಇರುವವರು ರಾಜ್ಯದ ಪ್ರಿಸನ್‌ಗೆ ಹೋಗುತ್ತಾರೆ. ಈಗಷ್ಟೇ ಹಿಡಿದು ತಂದವರು, ವಿಚಾರಣೆಗೆ ಕಾಯುತ್ತಿರುವವರು, ಚಿಕ್ಕ ಶಿಕ್ಷೆಯವರು ಕೌಂಟಿ ಜೈಲಿನಲ್ಲಿರುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 2011ರ ಬದಲಾವಣೆಯ ಮೇಲೆ ಒಂದಿಷ್ಟು ಉದ್ದದ ಶಿಕ್ಷೆಯವರನ್ನೂ ಕೌಂಟಿಗಳಿಗೇ ದಾಟಿಸಿದ್ದಾರೆ. ಇಡೀ ಅಮೆರಿಕದ ಇಂಥ ಜೈಲುಗಳಲ್ಲಿ 2023ರ ಮಧ್ಯದಲ್ಲಿ ಆರೂವರೆ ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಅವರಲ್ಲಿ ನೂರಕ್ಕೆ 70 ಜನರ ಮೇಲೆ ಇನ್ನೂ ಅಪರಾಧ ಸಾಬೀತಾಗಿರಲಿಲ್ಲ. ನಮ್ಮ ಹುಡುಗನೂ ಆ 70ರ ಲೆಕ್ಕದವನು.

ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ. ಕ್ಯಾಲಿಫೋರ್ನಿಯಾದಲ್ಲಿ 58 ಇವೆ. ಜೈಲು ಸಾಮಾನ್ಯವಾಗಿ ಶೆರಿಫ್ ಕೈಯಲ್ಲಿರುತ್ತದೆ, ಶೆರಿಫ್ ಜನರ ಓಟಿನಿಂದ ಗೆದ್ದು ಬಂದವರು. ಎಸ್‌ಪಿ ಸಾಹೇಬರು ಎಲೆಕ್ಷನ್‌ಗೆ ನಿಂತ ಹಾಗೆ ಅಂದುಕೊಳ್ಳಿ. ಹಾಗಾಗಿ ಫೋನ್ ಕಂಪನಿ ಯಾವುದು, ಭೇಟಿ ಯಾವಾಗ, ಕಾಗದ ಬರೆಯಬಹುದಾ, ಎಲ್ಲವೂ ಕೌಂಟಿಯಿಂದ ಕೌಂಟಿಗೆ ಬೇರೆ. ಪಕ್ಕದ ಕೌಂಟಿಯಲ್ಲಿದ್ದು ಬಂದವರೊಬ್ಬರನ್ನು ಕೇಳಿ ನಾನು ಅರ್ಧ ದಿನ ಹಾಳು ಮಾಡಿಕೊಂಡೆ. ಅವರು ಹೇಳಿದ ಒಂದು ನಿಯಮವೂ ನಮ್ಮ ಜೈಲಿಗೆ ಹೊಂದಲಿಲ್ಲ.

ಹೆಸರು ಸಿಗಲಿಲ್ಲ

ಆ ಮೊದಲ ಕರೆ ಎರಡು ನಿಮಿಷವೂ ನಡೆಯಲಿಲ್ಲ. ಯಾವ ಜೈಲು ಅಂತ ಕೇಳುವಷ್ಟರಲ್ಲಿ ಕಟ್ಟಾಯಿತು. ಮುಂದೆ ಮಾತಾಡಬೇಕಾದರೆ ದುಡ್ಡು ಹಾಕಿ ಅಕೌಂಟ್ ತೆರೆಯಿರಿ ಅಂತ ಅದೇ ದನಿ ಹೇಳಿತು.

ಇಂಥ ಜೈಲುಗಳ ವೆಬ್‌ಸೈಟಿನಲ್ಲಿ ಒಳಗಿರುವವರನ್ನು ಹುಡುಕುವ ಪುಟ ಇರುತ್ತದೆ. ಅವನ ಹೆಸರು ಹಾಕಿದೆ, ಇಲ್ಲ. ಬೆಳಿಗ್ಗೆ ಆರಕ್ಕೆ ಹಾಕಿದೆ, ಇಲ್ಲ. ಇದಕ್ಕೆ ಎರಡು ಕಾರಣ ಇದ್ದವು.

ಒಂದು, ಬುಕಿಂಗ್ ಮುಗಿದಿರಲಿಲ್ಲ. ಬೆರಳಚ್ಚು, ಫೋಟೋ, ನರ್ಸ್ ಕೇಳುವ ಪ್ರಶ್ನೆಗಳು, ಪರ್ಸು, ಬೆಲ್ಟು, ಉಂಗುರ ಎಲ್ಲ ಚೀಲಕ್ಕೆ ಹಾಕಿ ಸಹಿ, ಆಮೇಲೆ ಜೈಲಿನ ಬಟ್ಟೆ. ವಾರಾಂತ್ಯದ ರಾತ್ರಿ ಗಿರಾಕಿ ಜಾಸ್ತಿ. ಇದಕ್ಕೇ ಎಂಟು ಗಂಟೆ ಹಿಡಿಯಿತು. ಅದು ಮುಗಿಯುವ ತನಕ ಕಂಪ್ಯೂಟರ್ ಪ್ರಕಾರ ಅವನು ಅಲ್ಲಿ ಇಲ್ಲವೇ ಇಲ್ಲ.

ಎರಡನೆಯದು ನಮ್ಮ ಕಡೆಯ ತಲೆನೋವು. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಅಂಥವರ ಅಮೆರಿಕದ ವೀಸಾದಲ್ಲಿ ಇಡೀ ಹೆಸರನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಅಂತ ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಇವನದೂ ಅದೇ ಕಥೆ. ನಾನು ಅಪ್ಪನ ಹೆಸರನ್ನು ಸರ್‌ನೇಮ್ ಅಂದುಕೊಂಡು ಹುಡುಕುತ್ತಲೇ ಇದ್ದೆ. ಹತ್ತೂವರೆಗೆ ಅವನ ಸ್ವಂತ ಹೆಸರನ್ನೇ ಸರ್‌ನೇಮ್ ಕಡೆ ಹಾಕಿದ ಮೇಲೆ ಸಿಕ್ಕಿದ. ಹೆಸರು, ಆರೋಪ, ಕೋರ್ಟಿನ ದಿನ ಮಂಗಳವಾರ, ಜಾಮೀನು 1,00,000 ಡಾಲರ್. ಅದರ ಜೊತೆ ಒಂದು ಬುಕಿಂಗ್ ನಂಬರ್. ಅಲ್ಲಿಂದ ಮುಂದೆ ಎಲ್ಲಿ ಹೋದರೂ ಆ ನಂಬರೇ ಅವನ ಹೆಸರು.

ಆ ಪುಟವನ್ನು ಯಾರು ಬೇಕಾದರೂ ನೋಡಬಹುದು. ಭಾನುವಾರ ಸಂಜೆಗೆ ಇಲ್ಲಿನ ಕನ್ನಡದವರ ಒಂದು ವಾಟ್ಸ್ಯಾಪ್ ಗುಂಪಿನಲ್ಲಿ ಅದರ ಸ್ಕ್ರೀನ್‌ಶಾಟ್ ಓಡಾಡುತ್ತಿತ್ತು. ಅದನ್ನು ಹಾಕಿದ ಮಹಾನುಭಾವರಿಗೆ ಅವನು ಎರಡು ಸಲ ಮನೆ ಸಾಮಾನು ಹೊತ್ತುಕೊಟ್ಟಿದ್ದ. ಇರಲಿ.

ಕರೆ

ಹೊರಗಿನಿಂದ ಒಳಗೆ ಕರೆ ಹೋಗುವುದಿಲ್ಲ. ಇದನ್ನು ಅವನ ಅಪ್ಪನಿಗೆ ಅರ್ಥ ಮಾಡಿಸಲು ನನಗೆ ಒಂದು ದಿನ ಬೇಕಾಯಿತು. "ಆಫೀಸ್ ನಂಬರ್ ಕೊಡಮ್ಮ, ನಾನೇ ಮಾತಾಡ್ತೀನಿ, ಒಂದು ನಿಮಿಷ ಕರೀರಿ ಅಂತ ಕೇಳ್ತೀನಿ" ಅನ್ನುತ್ತಿದ್ದರು. ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಹಾಸ್ಟೆಲ್ ವಾರ್ಡನ್‌ಗೆ ಫೋನ್ ಮಾಡಿ ಮಗನನ್ನು ಕರೆಸಿದ ಅಭ್ಯಾಸ. ಜೈಲಿಗೆ ಫೋನ್ ಮಾಡಬಹುದು. ಅವರು ಅವನನ್ನು ಕರೆಯುವುದಿಲ್ಲ, ಅವನಿಗೆ ವಿಷಯವನ್ನೂ ಮುಟ್ಟಿಸುವುದಿಲ್ಲ. ಅವನಾಗಿ ಮಾಡಿದಾಗ ನಾವು ಎತ್ತಬೇಕು, ಅಷ್ಟೇ.

ಹಾಗಿದ್ದರೆ ಅವನು ಯಾರಿಗೆ ಮಾಡುತ್ತಾನೆ? ನೆನಪಿರುವ ನಂಬರಿಗೆ. ಅವನಿಗೆ ಬಾಯಿಪಾಠ ಇದ್ದದ್ದು ಎರಡು. ಒಂದು ಅವನದೇ, ಇನ್ನೊಂದು ಸ್ಕೂಲ್ ದಿನದಿಂದ ನೆನಪಿರುವ ಅಮ್ಮನ ನಂಬರ್. ಈ ಜೈಲಿನ ಫೋನಿನಿಂದ ಭಾರತಕ್ಕೆ ಕರೆ ಹೋಗುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಬಂಧನವಾದ ಮೂರು ಗಂಟೆಯೊಳಗೆ ಮೂರು ಕರೆ ಮಾಡುವ ಹಕ್ಕಿದೆ. ವಕೀಲರಿಗೆ ಒಂದು, ಜಾಮೀನು ಏಜೆಂಟಿಗೆ ಒಂದು, ಮನೆಯವರಿಗೋ ಬೇರೆಯವರಿಗೋ ಒಂದು. ಸ್ಥಳೀಯ ಕರೆಯಾದರೆ ಪುಕ್ಕಟೆ. ನಂಬರೇ ಗೊತ್ತಿಲ್ಲದವನಿಗೆ ಆ ಹಕ್ಕಿನಿಂದ ಏನು ಬಂತು? ಒಬ್ಬ ಡೆಪ್ಯುಟಿ, ಅಂದರೆ ಶೆರಿಫ್ ಕೈಕೆಳಗಿನ ಪೊಲೀಸು, ಒಳ್ಳೆಯವನು. ಫೋನನ್ನು ಚೀಲಕ್ಕೆ ಹಾಕುವ ಮೊದಲು ಎರಡು ನಂಬರ್ ಬರೆದುಕೊಳ್ಳಲು ಬಿಟ್ಟ. ನನ್ನದು, ರೂಮ್‌ಮೇಟ್‌ನದು. ಅದರಲ್ಲಿ ನಾನು ಎರಡು ಸಲ ಕಟ್ ಮಾಡಿದ್ದೆ.

ಶನಿವಾರ ಮಧ್ಯಾಹ್ನ ಫೋನ್ ಕಂಪನಿಯ ಅಕೌಂಟಿಗೆ 25 ಡಾಲರ್ ಹಾಕಿದೆ. ಒಂದು ಕರೆ 15 ನಿಮಿಷ. ಶುರುವಿನಲ್ಲೇ, ಈ ಕರೆ ರೆಕಾರ್ಡ್ ಆಗುತ್ತದೆ ಅಂತ ಹೇಳುತ್ತಾರೆ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅವನೂ ಹಾಕಿಕೊಳ್ಳಲಿಲ್ಲ. "ಅಕ್ಕಾ, ನಾನು ಜಾಸ್ತಿ ಏನೂ..." ಅಂತ ಶುರು ಮಾಡಿದ. "ಬಾಯಿ ಮುಚ್ಚು" ಅಂದೆ. ನನ್ನ ಜನ್ಮದಲ್ಲಿ ಅವನಿಗೆ ಹಾಗೆ ಅಂದಿರಲಿಲ್ಲ. ಆ ರೆಕಾರ್ಡಿಂಗ್ ಸರ್ಕಾರಿ ವಕೀಲರ ಕೈಗೆ ಹೋಗಬಹುದು, ಕೋರ್ಟಿನಲ್ಲಿ ಅವನ ವಿರುದ್ಧವೇ ಹಾಕಬಹುದು. ಕನ್ನಡದಲ್ಲಿ ಮಾತಾಡಿದರೆ ಯಾರಿಗೆ ತಿಳಿಯುತ್ತೆ ಅಂತ ರೂಮ್‌ಮೇಟ್ ಕೇಳಿದ. ಈ ರಾಜ್ಯದಲ್ಲಿ ಕನ್ನಡ ಬರುವವರಿಗೆ ಬರವಾ? ವಕೀಲರ ಜೊತೆಗಿನ ಮಾತು ಮಾತ್ರ ಗುಟ್ಟು. ಅದಕ್ಕೂ ವಕೀಲರ ನಂಬರ್ ಜೈಲಿನಲ್ಲಿ ಮೊದಲೇ ನೋಂದಣಿ ಆಗಿರಬೇಕು.

ಹಾಗಾಗಿ ನಮ್ಮ ಕರೆಗಳಲ್ಲಿ ಉಳಿದದ್ದು ಊಟ, ನಿದ್ದೆ, ಔಷಧಿ, ವಕೀಲರು ಯಾವಾಗ ಬರುತ್ತಾರೆ, ಇಷ್ಟೇ.

ಅಮ್ಮನ ಜೊತೆ ಮಾತಾಡಿಸಬೇಕು ಅಂತ ರೂಮ್‌ಮೇಟ್ ಒಂದು ಸಲ ಅವನ ಕರೆ ಬಂದಾಗ ಹಾಸನದ ಕರೆಯನ್ನೂ ಜೋಡಿಸಲು ಹೋದ. ತಕ್ಷಣ ಲೈನ್ ಸತ್ತಿತು. ಮೂರನೇ ಫೋನ್ ಸೇರಿಸುವುದು ನಿಯಮಕ್ಕೆ ವಿರುದ್ಧ, ಅದನ್ನು ಪತ್ತೆ ಹಚ್ಚುವ ವ್ಯವಸ್ಥೆಯೂ ಇದೆ. ಅದಾದ ಮೇಲೆ ನಾನೇ ಅಂಚೆಯವಳಾದೆ. ಅಮ್ಮ ಹೇಳಿದ್ದನ್ನು ಹಾಳೆಯಲ್ಲಿ ಬರೆದುಕೊಂಡು ಅವನ ಮುಂದಿನ ಕರೆಯಲ್ಲಿ ಓದುತ್ತಿದ್ದೆ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಮೊದಲ ಸಾಲು, "ಅನ್ನದ ಮೇಲೆ ಸಿಟ್ಟು ಮಾಡ್ಬೇಡ." ಅದನ್ನು ಓದಿದಾಗ ಆ ಕಡೆ ಸುಮಾರು ಹೊತ್ತು ಮಾತೇ ಇರಲಿಲ್ಲ. 15 ನಿಮಿಷದಲ್ಲಿ ಅದೂ ಲೆಕ್ಕ.

ದುಡ್ಡಿನ ವಿಷಯಕ್ಕೆ ಒಂದು ಮಾತು. ಜೈಲಿನ ಕರೆಗಳ ದರದ ಮೇಲೆ ಈ ದೇಶದಲ್ಲಿ ದೊಡ್ಡ ಜಗಳವೇ ನಡೆದಿದೆ. ವಾಷಿಂಗ್ಟನ್ ಡಿ.ಸಿ.ಯ ಮಾರ್ಥಾ ರೈಟ್ ಅನ್ನುವ ಅಜ್ಜಿ, ಒಳಗಿದ್ದ ಮೊಮ್ಮಗನ ಜೊತೆ ಮಾತಾಡಲು ಕಟ್ಟುತ್ತಿದ್ದ ಬಿಲ್ ತಡೆಯಲಾರದೆ 2000ದಲ್ಲಿ ಕೋರ್ಟಿಗೆ ಹೋದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ, ಕಾಗದ ಬರೆಯುವ ಹಾಗಿಲ್ಲ, ಫೋನೇ ಗತಿ. ಅವರ ಹೆಸರಿರುವ ಕಾನೂನಿಗೆ ಸಹಿ ಬಿದ್ದದ್ದು 2023ರ ಜನವರಿಯಲ್ಲಿ. ಅಷ್ಟರಲ್ಲಿ ಅಜ್ಜಿ ತೀರಿಹೋಗಿದ್ದರು. 2024ರ ಜುಲೈನಲ್ಲಿ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಸಂಸ್ಥೆ ಎಫ್‌ಸಿಸಿ ದರದ ಮಿತಿ ಇಳಿಸಿತು, 2025ರಲ್ಲಿ ಅದರ ಜಾರಿಯನ್ನು ಮುಂದೂಡಿತು. ಸ್ಯಾನ್ ಫ್ರಾನ್ಸಿಸ್ಕೋ ಕೌಂಟಿ 2020ರಲ್ಲೇ ತನ್ನ ಜೈಲಿನ ಕರೆಗಳನ್ನು ಪೂರ್ತಿ ಪುಕ್ಕಟೆ ಮಾಡಿಬಿಟ್ಟಿದೆ. ನಮ್ಮ ಹುಡುಗ ಗುದ್ದಿದ್ದು ಬೇರೆ ಕೌಂಟಿಯಲ್ಲಿ.

ಕಿಟಕಿಯ ಹತ್ತಿರ

ಅವನಿಗೆ ಉಬ್ಬಸ ಇದೆ. ಶನಿವಾರವೇ ಇನ್ಹೇಲರ್ ತಗೊಂಡು 40 ಮೈಲಿ ಓಡಿಸಿಕೊಂಡು ಜೈಲಿನ ಲಾಬಿಗೆ ಹೋದೆ. ಗಾಜಿನ ಕಿಟಕಿಯ ಹಿಂದಿದ್ದಾಕೆ ತಲೆಯೆತ್ತದೆ "ಹೊರಗಿನ ಔಷಧಿ ತಗೊಳ್ಳೋದಿಲ್ಲ" ಅಂದಳು. ಬಟ್ಟೆ? ಇಲ್ಲ. ಪುಸ್ತಕ? ಅಂಗಡಿಯಿಂದಲೇ ನೇರವಾಗಿ ಬರಬೇಕು, ಅದೂ ದಪ್ಪ ರಟ್ಟಿಲ್ಲದ್ದು. ಭೇಟಿ? ಆನ್‌ಲೈನಿನಲ್ಲಿ ಬುಕ್ ಮಾಡಿ, ಆದರೆ ಅವನಿಗೆ ಇನ್ನೂ ಬ್ಲಾಕ್ ಗೊತ್ತಾಗಿಲ್ಲ, ಯಾರನ್ನು ಎಲ್ಲಿ ಇಡಬೇಕು ಅಂತ ವಿಂಗಡಿಸುವ ತನಕ ಭೇಟಿ ಇಲ್ಲ. ವಕೀಲರಿಗೆ ಮಾತ್ರ ಈ ತಡೆ ಇಲ್ಲ. ನಾಲ್ಕು ದಿನದಲ್ಲಿ ಅವನ ಮುಖ ನೋಡಿದ ನಮ್ಮ ಕಡೆಯ ಮನುಷ್ಯ ವಕೀಲರೊಬ್ಬರೇ, ಭಾನುವಾರ ಸಂಜೆ.

ಔಷಧಿಗೆ ದಾರಿ ಹೇಳಿದ್ದು ಲಾಬಿಯಲ್ಲಿ ನನ್ನ ಪಕ್ಕ ಕೂತಿದ್ದ ಒಬ್ಬ ಮೆಕ್ಸಿಕನ್ ಅಜ್ಜಿ. ಜೈಲಿನ ಆಸ್ಪತ್ರೆ ವಿಭಾಗಕ್ಕೆ ಫೋನ್ ಮಾಡು ಅಂದರು. ಅವರು ನಿನಗೆ ಏನೂ ಹೇಳುವುದಿಲ್ಲ, ಆದರೆ ನೀನು ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾರೆ. ಹಾಗೇ ಆಯಿತು. ಬುಕಿಂಗ್ ನಂಬರ್, ಔಷಧಿಯ ಹೆಸರು, ಬರೆದುಕೊಟ್ಟ ಡಾಕ್ಟರು, ಫಾರ್ಮಸಿ, ಎಲ್ಲ ಹೇಳಿದೆ. ಆ ನರ್ಸ್ ಅವನು ಅಲ್ಲಿದ್ದಾನೆ ಅಂತ ಕೂಡ ಒಪ್ಪಲಿಲ್ಲ. ರಾತ್ರಿ ಅವನ ಕರೆ ಬಂದಾಗ ಗೊತ್ತಾಯಿತು, ಇನ್ಹೇಲರ್ ಕೊಟ್ಟಿದ್ದರು.

ಊಟದ್ದು ಇನ್ನೊಂದು ಕಥೆ. ಮನೆಯವರೆಲ್ಲ ಸಸ್ಯಾಹಾರಿಗಳು, ಇವನು ಮೊಟ್ಟೆಯನ್ನೂ ಮುಟ್ಟಿದವನಲ್ಲ. ಕುಡಿಯುವುದು ಬಂತು, ಅದು ಬರಲಿಲ್ಲ. ಬುಕಿಂಗ್‌ನಲ್ಲಿ ಕೊಟ್ಟ ಚೀಲದಲ್ಲಿ ಮಾಂಸದ ಸ್ಯಾಂಡ್‌ವಿಚ್ ಇತ್ತು. ಬ್ರೆಡ್ಡು ಬಿಟ್ಟು ಸೇಬು ತಿಂದ. ಧರ್ಮದ ಕಾರಣಕ್ಕೆ ಬೇರೆ ಊಟ ಕೇಳುವ ಹಕ್ಕಿಗೆ 2000ದ ಒಂದು ಫೆಡರಲ್ ಕಾನೂನಿನ ಬಲ ಇದೆ. ಆದರೆ ಚೀಟಿ ಬರೆದುಕೊಡಬೇಕು, ಅದನ್ನು ಒಬ್ಬರು ಒಪ್ಪಬೇಕು, ಅವರಿಗೂ ವಾರಾಂತ್ಯ ರಜೆ. ಸೋಮವಾರ ರಾತ್ರಿ ಮೊದಲ ತರಕಾರಿ ತಟ್ಟೆ ಬಂತಂತೆ. ಅಲ್ಲಿಯ ತನಕ ಪೀನಟ್ ಬಟರ್ ಕಾಪಾಡಿತು. ಅವನ ಖಾತೆಗೆ ನಾವು 40 ಡಾಲರ್ ಹಾಕಿದ್ದೆವು. ಜೈಲಿನೊಳಗಿನ ಅಂಗಡಿಗೆ ವಾರಕ್ಕೊಂದೇ ದಿನ ಆರ್ಡರ್. ಆ ದಿನ ಬರುವ ಮೊದಲೇ ಅವನು ಹೊರಗೆ ಬಂದ.

ಹತ್ತು ಸಾವಿರ ಡಾಲರ್ ಪ್ರಶ್ನೆ

ನಮ್ಮ ನಡುವೆ ನಿಜವಾದ ಜಗಳ ಆದದ್ದು ಇಲ್ಲಿ.

ಜಾಮೀನು 1,00,000 ಡಾಲರ್. ಅಷ್ಟನ್ನೂ ನಾವೇ ಕೋರ್ಟಿಗೆ ಕಟ್ಟಿದರೆ ಕೇಸ್ ಮುಗಿದಾಗ ವಾಪಸ್ಸು. ಅಷ್ಟು ಯಾರ ಹತ್ತಿರ ಇದೆ? ಜಾಮೀನು ಏಜೆಂಟ್ ನೂರಕ್ಕೆ ಹತ್ತರಂತೆ 10,000 ತಗೊಂಡು ಉಳಿದದ್ದಕ್ಕೆ ತಾನು ಹೊಣೆ ನಿಲ್ಲುತ್ತಾನೆ. ಆ ಹತ್ತು ಸಾವಿರ ಮತ್ತೆ ಬರುವುದಿಲ್ಲ. ಮರುದಿನವೇ ಕೇಸ್ ಬಿದ್ದುಹೋದರೂ ಬರುವುದಿಲ್ಲ. ಇಲಿನಾಯ್ ರಾಜ್ಯ 2023ರ ಸೆಪ್ಟೆಂಬರ್‌ನಲ್ಲಿ ದುಡ್ಡಿನ ಜಾಮೀನನ್ನೇ ತೆಗೆದುಹಾಕಿತು. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 2021ರಲ್ಲಿ, ಆರೋಪಿಗೆ ಕಟ್ಟುವ ಶಕ್ತಿ ಇದೆಯಾ ಅಂತ ನ್ಯಾಯಾಧೀಶರು ನೋಡಲೇಬೇಕು ಅಂದಿದೆ. ಆದರೆ ನ್ಯಾಯಾಧೀಶರ ಮುಂದೆ ನಿಂತರೆ ತಾನೇ ನೋಡುವುದು?

"24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕಲ್ವೇನಮ್ಮ, ನಮ್ಮ ಸಂವಿಧಾನದಲ್ಲೇ ಇದೆ" ಅಂದರು ಮೇಷ್ಟ್ರು. ನಮ್ಮ ಸಂವಿಧಾನದಲ್ಲಿ ಇದೆ, 22ನೇ ವಿಧಿ. ಇಲ್ಲಿ 48 ಗಂಟೆ, ಅದರಲ್ಲೂ ಭಾನುವಾರ, ರಜೆ ದಿನ ಲೆಕ್ಕಕ್ಕಿಲ್ಲ. ಬಂಧನಕ್ಕೆ ಸಾಕಷ್ಟು ಕಾರಣ ಇತ್ತಾ ಅಂತ ಮಾತ್ರ ಒಬ್ಬ ನ್ಯಾಯಾಧೀಶರು 48 ಗಂಟೆಯೊಳಗೆ ನೋಡಬೇಕು, ಅದಕ್ಕೆ ರಜೆಯ ವಿನಾಯಿತಿ ಇಲ್ಲ. ರಿವರ್‌ಸೈಡ್ ಕೌಂಟಿಯ ಕೇಸಿನಲ್ಲಿ 1991ರಲ್ಲಿ ಬಂದ ತೀರ್ಪು ಅದು. ಅದೆಲ್ಲ ಕಾಗದದ ಮೇಲೆ ನಡೆಯುತ್ತದೆ. ನ್ಯಾಯಾಧೀಶರು ಇವನ ಕಾಗದ ನೋಡಿದರು, ಇವನನ್ನು ನೋಡಲಿಲ್ಲ.

ಹಾಸನದಿಂದ ಚಿಕ್ಕಪ್ಪ ಒಬ್ಬರು, "ನಮ್ಮ ಎಂಎಲ್‌ಎ ಕಡೆಯಿಂದ ಡೆಲ್ಲೀಲಿ ಹೇಳಿಸ್ತೀನಿ" ಅಂತ ಹೊರಟರು. ಭಾರತದ ಕಾನ್ಸುಲೇಟಿಗೆ ತಿಳಿಸಲಾ ಅಂತ ಜೈಲಿನವರೇ ಅವನನ್ನು ಕೇಳಿದ್ದರು. 1963ರ ವಿಯೆನ್ನಾ ಒಪ್ಪಂದದ ಪ್ರಕಾರ ಹಿಡಿದ ಕೂಡಲೇ ಆ ಹಕ್ಕನ್ನು ಹೇಳಬೇಕು. ಕೆಲವು ದೇಶದವರಾದರೆ ಕೇಳದೆಯೇ ತಿಳಿಸುತ್ತಾರೆ, ಭಾರತ ಆ ಪಟ್ಟಿಯಲ್ಲಿಲ್ಲ. ಇವನು ನಾಚಿಕೆಯಿಂದ ಬೇಡ ಅಂದಿದ್ದ. ಕಾನ್ಸುಲೇಟಿನವರು ಬಂದು ನೋಡಬಹುದು, ವಕೀಲರ ಪಟ್ಟಿ ಕೊಡಬಹುದು, ಮನೆಯವರಿಗೆ ಸುದ್ದಿ ಮುಟ್ಟಿಸಬಹುದು. ಬಿಡಿಸಲು ಆಗುವುದಿಲ್ಲ. ಯಾರೂ ಇಲ್ಲದ ಹುಡುಗನಾಗಿದ್ದರೆ ಅಷ್ಟೇ ದೊಡ್ಡ ಉಪಕಾರ ಆಗುತ್ತಿತ್ತು. ಬೇಡ ಅಂದದ್ದು ತಪ್ಪು ಅಂತಲೇ ನನ್ನ ಅನಿಸಿಕೆ.

ವಕೀಲರು ಕಾಯಿರಿ ಅಂದರು. ಹಿಂದೆ ಒಂದು ಕೇಸೂ ಇಲ್ಲ, ಕೆಲಸ ಇದೆ, ಮಂಗಳವಾರ ದುಡ್ಡಿಲ್ಲದೆ ಬಿಡುವ ಸಾಧ್ಯತೆ ಚೆನ್ನಾಗಿದೆ, ಆ ಹತ್ತು ಸಾವಿರ ಕೇಸಿಗೆ ಬೇಕಾಗುತ್ತದೆ. ಅಮ್ಮ ಫೋನಿನಲ್ಲಿ, "ನಿನ್ನ ಮಗ ಆಗಿದ್ರೆ ಕಾಯ್ತಿದ್ದೇನಮ್ಮ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಭಾನುವಾರ ರಾತ್ರಿ ಏಜೆಂಟಿನ ಫಾರಂ ತುಂಬಿಸಿ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಅವನದೇ ಕರೆ ಬಂತು. ವಿಷಯ ಹೇಳಿದೆ. "ಬೇಡಕ್ಕಾ. ಅಪ್ಪನ ಪಿಎಫ್ ದುಡ್ಡು ಅದು. ಇನ್ನೆರಡು ರಾತ್ರಿ ತಾನೆ" ಅಂದ. ಫಾರಂ ಹರಿದುಹಾಕಿದೆ. ಒಳಗೆ ಅವನ ಬದಲು ಇನ್ನಷ್ಟು ಮೆತ್ತಗಿನ ಹುಡುಗ ಇದ್ದಿದ್ದರೆ, ಕಟ್ಟಿಬಿಡಿ ಅಂತಲೇ ಹೇಳುತ್ತಿದ್ದೆನೇನೋ.

ವಕೀಲರಿಗೆ ನಾವು ಮೊದಲ ಮಾತಿನಲ್ಲೇ ಹೇಳಬೇಕಾಗಿದ್ದು, ಆದರೆ ಮೂರನೇ ಮಾತಿನಲ್ಲಿ ಹೇಳಿದ್ದು, ವೀಸಾ. ತಪ್ಪೊಪ್ಪಿಗೆಯಿಂದ ದೇಶ ಬಿಡಬೇಕಾದೀತಾ ಅಂತ ವಕೀಲರು ಕಕ್ಷಿದಾರನಿಗೆ ತಿಳಿಸಲೇಬೇಕು ಅನ್ನುವುದು 2010ರ ಪಡಿಲ್ಲಾ ತೀರ್ಪು. ಅವರಿಗೆ ನಾವು ಹೇಳಿದರೆ ತಾನೆ ಅವರು ತಿಳಿಸುವುದು. ಇನ್ನೊಂದು ಗಡಿಯಾರವೂ ಓಡುತ್ತಿತ್ತು. ಡ್ರೈವಿಂಗ್ ಲೈಸೆನ್ಸ್ ಉಳಿಸಿಕೊಳ್ಳಲು ಡಿಎಂವಿ, ಅಂದರೆ ಇಲ್ಲಿನ ಆರ್‌ಟಿಒ, ಮುಂದೆ ವಿಚಾರಣೆ ಕೇಳಲು ಬಂಧನದಿಂದ ಹತ್ತೇ ದಿನ. ಅದರಲ್ಲಿ ನಾಲ್ಕು ದಿನ ಅವನು ಒಳಗೇ ಇದ್ದ. ಆ ಅರ್ಜಿಯನ್ನು ವಕೀಲರೇ ಹಾಕಿದರು.

ಮಂಗಳವಾರ

ಕೋರ್ಟಿನಲ್ಲಿ ಅವನ ಸರದಿ ನಾಲ್ಕು ನಿಮಿಷ. ಗಾಜಿನ ಆಚೆ ಇನ್ನೂ ಹತ್ತು ಜನರ ಜೊತೆ ನಿಂತಿದ್ದ. ನಾನು ಕೈ ಎತ್ತಲು ಹೋದೆ, ಅಲ್ಲಿದ್ದ ಡೆಪ್ಯುಟಿ ಕಣ್ಣಲ್ಲೇ ಗದರಿದ. ದುಡ್ಡು ಕಟ್ಟಿಸಿಕೊಳ್ಳದೆ ಷರತ್ತಿನ ಮೇಲೆ ಬಿಟ್ಟರು. ಕುಡಿಯಬಾರದು, ಅದನ್ನು ಪತ್ತೆ ಮಾಡುವ ಪಟ್ಟಿ ಕಾಲಿಗೆ, ಕರೆದಾಗ ಬರಬೇಕು.

ಆದೇಶ ಆದದ್ದು ಮಧ್ಯಾಹ್ನ ಮೂರಕ್ಕೆ. ಅವನು ಹೊರಗೆ ಬಂದದ್ದು ರಾತ್ರಿ 11:40ಕ್ಕೆ. ಬುಕಿಂಗ್‌ಗೆ ಎಷ್ಟು ಹೊತ್ತೋ ಬಿಡುಗಡೆಗೂ ಅಷ್ಟೇ ಹೊತ್ತು. ಯಾವ ಬಾಗಿಲಿನಿಂದ ಬರುತ್ತಾರೆ ಅಂತಲೂ ಹೇಳಲಿಲ್ಲ. ರೂಮ್‌ಮೇಟ್ ಹಿಂದಿನ ಬಾಗಿಲಲ್ಲಿ, ನಾನು ಮುಂದಿನದರಲ್ಲಿ. ಫೋನ್ ಸತ್ತಿತ್ತು, ಶುಕ್ರವಾರದ ಪಾರ್ಟಿಯ ಶರ್ಟು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಉಳಿದ ದುಡ್ಡನ್ನು ಕಾರ್ಡಿನಲ್ಲಿ ತುಂಬಿಸಿ ಕೊಟ್ಟಿದ್ದರು. ಕಾರಿನಲ್ಲಿ ಅಮ್ಮನಿಗೆ ಫೋನ್ ಮಾಡಿದ. ಅಲ್ಲಿ ಬುಧವಾರ ಮಧ್ಯಾಹ್ನ. "ಊಟ ಆಯ್ತಾ?" ಅಂತ ಅಮ್ಮನೇ ಮೊದಲು ಕೇಳಿದರು.

ಕೇಸ್ ಏಳು ತಿಂಗಳು ನಡೆಯಿತು. ಆರೋಪ ಮಿಸ್‌ಡಿಮೀನರ್‌ಗೆ, ಅಂದರೆ ಚಿಕ್ಕ ಅಪರಾಧಕ್ಕೆ, ಇಳಿಯಿತು. ಮೂರು ವರ್ಷ ಪ್ರೊಬೇಷನ್ (ಷರತ್ತಿನ ಮೇಲೆ ಹೊರಗೇ ಇರುವುದು), ಕುಡಿದು ಓಡಿಸಿದವರಿಗೆ ಇರುವ ಮೂರು ತಿಂಗಳ ಕ್ಲಾಸು, ದಂಡ, ಪೆಟ್ಟಾದವರಿಗೆ ಇನ್ಶೂರೆನ್ಸಿನಿಂದ ಪರಿಹಾರ. ಬಂಧನವಾದ ಮೂರು ವಾರಕ್ಕೇ ವೀಸಾ ರದ್ದು ಅಂತ ಇಮೇಲ್ ಬಂದಿತ್ತು. 2015ರಿಂದಲೂ ಹೀಗೆ ಮಾಡುತ್ತಾರೆ, ಅಪರಾಧ ಸಾಬೀತಾಗುವ ತನಕ ಕಾಯುವುದಿಲ್ಲ. ಇಲ್ಲಿ ಕೆಲಸ ಮಾಡಿಕೊಂಡು ಇರಲು ಅದರಿಂದ ತೊಂದರೆ ಇಲ್ಲ. ಒಮ್ಮೆ ದೇಶ ಬಿಟ್ಟರೆ ಹೊಸ ವೀಸಾ ಇಲ್ಲದೆ ವಾಪಸ್ಸು ಬರುವ ಹಾಗಿಲ್ಲ. ಅವನ ತಂಗಿಯ ಮದುವೆ ಫೆಬ್ರವರಿಯಲ್ಲಿ ಹಾಸನದಲ್ಲಿ ಆಯಿತು. ಅವನು ನಮ್ಮ ಮನೆಯಲ್ಲಿ ರಾತ್ರಿಯೆಲ್ಲ ಎದ್ದು ಕೂತು ಫೋನಿನಲ್ಲಿ ಧಾರೆ ನೋಡಿದ.